ಡ್ರೈವರ್ ಹತ್ತಿರ ಏನು ಕೇಳಬೇಕು, ಯಾವಾಗ ಕೇಳಬೇಕು

ರೇಸ್ ಟೀಮಿನಲ್ಲಿ ನನ್ನ ಕೆಲಸ ಸೆಟಪ್ ನೋಡಿಕೊಳ್ಳುವುದು. ಟೈರಿನ ಗಾಳಿ, ಸಸ್ಪೆನ್ಷನ್, ಅಲೈನ್‌ಮೆಂಟ್, ಬ್ರೇಕ್ ಬಯಾಸ್ (ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕ್ ಹಂಚುವ ಪ್ರಮಾಣ) ಎಲ್ಲಾ ಅದರಲ್ಲೇ ಬಂತು. ನಮ್ಮದು ನ್ಯಾಷನಲ್ ಚಾಂಪಿಯನ್‌ಷಿಪ್‌ನ ಟೂರಿಂಗ್ ಕಾರ್ ವಿಭಾಗ. ಹೊರಗಿನಿಂದ ನೋಡಿದರೆ ರಸ್ತೆಯಲ್ಲಿ ಓಡಾಡುವ ಕಾರೇ. ಒಳಗೆ ಒಂದೇ ಸೀಟು, ಸುತ್ತ ರೋಲ್ ಕೇಜ್ ಅನ್ನುವ ಕಬ್ಬಿಣದ ಪಂಜರ, ಕಾರ್ಪೆಟ್ಟೂ ಇಲ್ಲ, ಎಸಿಯೂ ಇಲ್ಲ. ಚೆನ್ನೈ ಬಿಸಿಲಿನಲ್ಲಿ ದಪ್ಪ ಸೂಟು ಹಾಕಿಕೊಂಡು ಅದರೊಳಗೆ ಬೆಂದು ಬಂದವನು ಸಮಾಧಾನವಾಗಿ ಮಾತಾಡಲಿ ಅಂತ ನಿರೀಕ್ಷಿಸುವುದು ತಪ್ಪು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ಡ್ರೈವರ್ ಹೇಳುವ ತೊಂದರೆಯನ್ನು ಪೂರ್ತಿ ನಂಬಬೇಕು. ಅವನು ಹೇಳುವ ರಿಪೇರಿಯನ್ನು ಅಷ್ಟು ಬೇಗ ನಂಬಬಾರದು.

ಪ್ರಾಕ್ಟೀಸ್ ಮುಗಿಸಿ ಪಿಟ್‌ಗೆ ಬಂದ ಹುಡುಗ ಬೆಲ್ಟ್ ಬಿಚ್ಚುವ ಮೊದಲೇ ಶುರು ಮಾಡುತ್ತಾನೆ. "ಅಣ್ಣಾ, ಅಂಡರ್‌ಸ್ಟಿಯರ್. ಕಾರು ತಿರುಗ್ತಾನೇ ಇಲ್ಲ. ಮುಂದಿನ ಸ್ಪ್ರಿಂಗ್ ಬದಲಾಯಿಸೋಣ."

"ಎಲ್ಲಿ ತಿರುಗ್ತಿಲ್ಲ?"

"ಎಲ್ಲಾ ಕಡೆ."

"ಬ್ರೇಕ್ ಹಿಡಿದು ಒಳಗೆ ಹೋಗುವಾಗಲಾ, ತಿರುವಿನ ಮಧ್ಯದಲ್ಲಾ, ಆಕ್ಸಿಲರೇಟರ್ ಕೊಟ್ಟು ಹೊರಗೆ ಬರುವಾಗಲಾ?"

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ಹೊರಗೆ ಬರುವಾಗ. ಒಳಗೆ ಹೋಗುವಾಗ ಚೆನ್ನಾಗೇ ಇದೆ."

ಇಲ್ಲಿಗೆ ಅರ್ಧ ಕೆಲಸ ಮುಗಿಯಿತು. ಒಳಗೆ ಹೋಗುವಾಗ ಕಾರು ಕೇಳುತ್ತಿಲ್ಲ ಅಂದರೆ ನಾನು ಮೊದಲು ಬ್ರೇಕ್ ಬಯಾಸ್ ನೋಡುತ್ತೇನೆ. ಮಧ್ಯದಲ್ಲಿ ಅಂದರೆ ಕ್ಯಾಂಬರ್ (ಚಕ್ರದ ಓರೆ), ಆ್ಯಂಟಿ ರೋಲ್ ಬಾರ್ (ತಿರುವಿನಲ್ಲಿ ಕಾರು ಪಕ್ಕಕ್ಕೆ ವಾಲುವುದನ್ನು ತಡೆಯುವ ಸರಳು), ಟೈರಿನ ಗಾಳಿ. ಹೊರಗೆ ಬರುವಾಗ ಅಂದರೆ ಎರಡು ಚಕ್ರಗಳಿಗೆ ಎಂಜಿನ್ ಶಕ್ತಿ ಹಂಚುವ ಡಿಫರೆನ್ಷಿಯಲ್, ಇಲ್ಲವೇ ಡ್ರೈವರ್‌ನ ಬಲಗಾಲು. ನಮ್ಮದು ಫ್ರಂಟ್ ವೀಲ್ ಡ್ರೈವ್ ಕಾರು. ತಿರುಗಿಸುವುದೂ ಮುಂದಿನ ಚಕ್ರ, ಎಳೆಯುವುದೂ ಅದೇ, ಬ್ರೇಕಿನ ಹೆಚ್ಚಿನ ಭಾರ ಬೀಳುವುದೂ ಅದರ ಮೇಲೆಯೇ. ಟೈರಿಗಿರುವ ಹಿಡಿತ ಒಂದೇ ಸಂಬಳದ ಮನೆ ಇದ್ದ ಹಾಗೆ. ತಿರುಗುವುದಕ್ಕೇ ಎಲ್ಲಾ ಖರ್ಚಾದರೆ ಎಳೆಯುವುದಕ್ಕೆ ಏನೂ ಉಳಿಯುವುದಿಲ್ಲ.

ಮಾತು ಕೇಳಿದ ಮೇಲೆ ಟೈರನ್ನೂ ಕೇಳಬೇಕು. ಪೈರೋಮೀಟರ್‌ನ ಸೂಜಿಯನ್ನು ರಬ್ಬರಿನೊಳಗೆ ಚುಚ್ಚಿ ಒಳಂಚು, ಮಧ್ಯ, ಹೊರಂಚು ಹೀಗೆ ಮೂರು ಕಡೆ ಬಿಸಿ ಅಳೆಯುತ್ತೇವೆ. ಎರಡು ಅಂಚಿಗಿಂತ ಮಧ್ಯ ಬಿಸಿ ಇದ್ದರೆ ಗಾಳಿ ಜಾಸ್ತಿ. ಅಂಚುಗಳೇ ಬಿಸಿ, ಮಧ್ಯ ತಣ್ಣಗಿದ್ದರೆ ಗಾಳಿ ಕಮ್ಮಿ. ನೆಗೆಟಿವ್ ಕ್ಯಾಂಬರ್, ಅಂದರೆ ಚಕ್ರದ ಮೇಲ್ಭಾಗ ಒಳಕ್ಕೆ ವಾಲಿಕೊಂಡು, ಇರುವುದರಿಂದ ಒಳಂಚು ಸ್ವಲ್ಪ ಬಿಸಿ ಇರುವುದು ಸಹಜ, ಅತಿಯಾದರೆ ಕ್ಯಾಂಬರ್ ಇಳಿಸಬೇಕು. ಇದೆಲ್ಲ ಕಾರು ನಿಂತ ಕೂಡಲೇ ಆಗಬೇಕು. ತಡವಾದಷ್ಟೂ ಅಂಕಿ ಸುಳ್ಳು ಹೇಳುತ್ತದೆ. ಕೊನೆಯ ಲ್ಯಾಪನ್ನು ನಿಧಾನವಾಗಿ, ತಣ್ಣಗೆ ಓಡಿಸಿಕೊಂಡು ಬಂದರೂ ಅಷ್ಟೇ. ಅದಕ್ಕೇ ಟೆಸ್ಟಿಂಗ್ ದಿನ "ಬಿಸಿಬಿಸಿ ಇರುವಾಗಲೇ ಒಳಗೆ ಬಾ" ಅಂತ ರೇಡಿಯೋದಲ್ಲಿ ಹೇಳುತ್ತೇವೆ.

ಆ ಹುಡುಗನ ಕಾರಿನಲ್ಲಿ ಮುಂದಿನ ಟೈರುಗಳ ಹೊರಂಚು ಕಾದಿತ್ತು, ರಬ್ಬರ್ ಕಾಳುಕಾಳಾಗಿ ಉದುರಿತ್ತು. ಕಾರಿನ ಚಲನೆಯನ್ನೆಲ್ಲ ದಾಖಲಿಸುವ ಡೇಟಾ ಲಾಗರ್ ನೋಡಿದರೆ ಸ್ಟಿಯರಿಂಗ್ ಇನ್ನೂ ಪೂರ್ತಿ ತಿರುಗಿಸಿಕೊಂಡೇ ಆಕ್ಸಿಲರೇಟರ್ ಒತ್ತುತ್ತಿದ್ದ. ಸ್ಪ್ರಿಂಗ್ ಮುಟ್ಟಲಿಲ್ಲ. ಮುಟ್ಟಿದ್ದರೆ, ಚೆನ್ನಾಗಿದೆ ಅಂತ ಅವನೇ ಹೇಳಿದ್ದ ಒಳಗೆ ಹೋಗುವ ಭಾಗವೂ ಕೆಡುತ್ತಿತ್ತು. "ಸ್ಟಿಯರಿಂಗ್ ಸ್ವಲ್ಪ ನೇರ ಮಾಡಿದ ಮೇಲೆ ಒತ್ತು" ಅಂದೆವು. ಮುಂದಿನ ಸೆಷನ್‌ನಲ್ಲಿ ಅಂಡರ್‌ಸ್ಟಿಯರ್ ಮಾತೇ ಬರಲಿಲ್ಲ.

"ಎಲ್ಲಿ" ಆದ ಮೇಲೆ ಕೇಳಬೇಕಾದದ್ದು "ಎಷ್ಟನೇ ಲ್ಯಾಪಿನಲ್ಲಿ". ಫ್ರಂಟ್ ವೀಲ್ ಡ್ರೈವ್ ಕಾರಿನಲ್ಲಿ ಹಿಂದಿನ ಟೈರುಗಳಿಗೆ ಕೆಲಸ ಕಮ್ಮಿ, ಬಿಸಿಯಾಗುವುದು ನಿಧಾನ. ಶುರುವಿನ ಲ್ಯಾಪುಗಳಲ್ಲಿ ಹಿಂಭಾಗ ಇದ್ದಕ್ಕಿದ್ದಂತೆ ಜಾರಿ ಕಾರು ಗಿರಕಿ ಹೊಡೆಯುವುದು ಸಾಮಾನ್ಯ. ನಮ್ಮ ರೇಸುಗಳು ಗಂಟೆಗಟ್ಟಲೆ ನಡೆಯುವುದಿಲ್ಲ, ಚಿಕ್ಕವು. ಮೊದಲ ಎರಡು ಲ್ಯಾಪ್ ಹೋದರೆ ರೇಸೇ ಹೋದ ಹಾಗೆ. ಟೈರಿನೊಳಗಿನ ಗಾಳಿ 10 ಡಿಗ್ರಿ ಬಿಸಿಯಾದರೆ ಒತ್ತಡ ಒಂದರಿಂದ ಒಂದೂವರೆ ಪಿಎಸ್‌ಐ ಏರುತ್ತದೆ. ಮುಂದಿನ ಟೈರುಗಳಲ್ಲಿ ಜಾಸ್ತಿ ಏರುತ್ತದೆ, ಹಿಂದಿನವುಗಳಲ್ಲಿ ಕಮ್ಮಿ. ಈ ಲೆಕ್ಕ ಹಿಡಿದೇ ಬೆಳಿಗ್ಗೆ ಗಾಳಿ ತುಂಬಬೇಕು. ಹಿಂಭಾಗ ಜಾರುತ್ತದೆ ಅಂದವನು ಐದನೇ ಲ್ಯಾಪಿನಲ್ಲಿ ಅನ್ನುತ್ತಿದ್ದಾನಾ, ಮೊದಲನೆಯದರಲ್ಲಾ ಅಂತ ಗೊತ್ತಾಗದೆ ಆ್ಯಂಟಿ ರೋಲ್ ಬಾರ್ ಬದಲಾಯಿಸುವುದು ಸುಮ್ನೆ ಕತ್ತಲಲ್ಲಿ ಕಲ್ಲು ಹೊಡೆಯುವುದೇ.

ಸೀಸನ್ ಪೂರ್ತಿ ಒಂದೇ ಟ್ರ್ಯಾಕ್ ಇರುವುದಿಲ್ಲ. ಚೆನ್ನೈ ಹತ್ತಿರದ ಇರುಂಗಾಟ್ಟುಕೋಟೈನ ಮದ್ರಾಸ್ ಟ್ರ್ಯಾಕ್ 3.7 ಕಿ.ಮೀ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಅದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೇ. (ಭಾರತದಲ್ಲೇ ರೇಸ್ ಕಾರು ಕಟ್ಟಿ ಓಡಿಸಿದ ಎಸ್. ಕರಿವರ್ಧನ್ ನೆನಪಿಗೆ ಇಟ್ಟ ಹೆಸರು ಅದು. ನಮ್ಮ ಹುಡುಗರಲ್ಲಿ ಎಷ್ಟೋ ಜನ ಅದನ್ನು ಯಾವುದೋ ಕಂಪನಿಯ ಹೆಸರು ಅಂದುಕೊಂಡಿದ್ದಾರೆ.) ಒಂದು ಕಡೆಯ ಸೆಟಪ್ ಇನ್ನೊಂದು ಕಡೆ ಹಾಗೇ ನಡೆಯುವುದಿಲ್ಲ. ಆದರೆ ಡ್ರೈವರ್‌ನ ಮಾತು ನಡೆಯುತ್ತದೆ. ಅದಕ್ಕೆ ನನ್ನ ಪುಸ್ತಕದಲ್ಲಿ ಲ್ಯಾಪ್ ಟೈಮ್‌ಗಿಂತ ಮೊದಲು ಬರೆಯುವುದು ಅವನು ಆಡಿದ ಮಾತು, ಅವನ ಶಬ್ದಗಳಲ್ಲೇ. ಲ್ಯಾಪ್ ಟೈಮ್ ಮುಂದಿನ ಕಾರಿನ ಸ್ಲಿಪ್‌ಸ್ಟ್ರೀಮ್ (ಅದರ ಹಿಂದೆ ಗಾಳಿಯ ತಡೆ ಕಮ್ಮಿ ಇರುವ ಜಾಗ) ಸಿಕ್ಕರೂ ಇಳಿಯುತ್ತದೆ, ಮೋಡ ಬಂದು ಟ್ರ್ಯಾಕ್ ತಣ್ಣಗಾದರೂ ಬದಲಾಗುತ್ತದೆ. ಅಕ್ಟೋಬರ್ ಹೊತ್ತಿಗೆ ಚೆನ್ನೈನಲ್ಲಿ ಹಿಂಗಾರು ಮಳೆ ಶುರುವಾದರಂತೂ ಹಿಂದಿನ ರೌಂಡಿನ ಟೈಮುಗಳ ಜೊತೆ ಹೋಲಿಸುವುದೇ ದಂಡ.

ಇದೆಲ್ಲ ನಿಜಕ್ಕೂ ಬೇಕಾಗುವುದು ರೇಸ್ ಮುಗಿದ ಮೇಲೆ. ಆಗ ಕಾರು ನೇರವಾಗಿ ಪಾರ್ಕ್ ಫರ್ಮೆಗೆ ಹೋಗುತ್ತದೆ. ಸ್ಕ್ರುಟಿನಿಯವರು ತೂಕ ಹಾಕಿ, ನೋಡಿ ಬಿಡುವ ತನಕ ಟೀಮಿನವರು ಕಾರು ಮುಟ್ಟುವಂತಿಲ್ಲ. ಪೈರೋಮೀಟರ್ ಕೈಯಲ್ಲಿ ಹಿಡಿದು ಬೇಲಿಯಾಚೆ ನಿಲ್ಲಬೇಕು ಅಷ್ಟೇ. ಟೈರಿನ ಸಾಕ್ಷಿ ಅಲ್ಲಿಗೆ ಹೋಯಿತು. ಉಳಿದದ್ದು ಡ್ರೈವರ್ ಒಬ್ಬನೇ. ಅವನು ಗೆದ್ದಿದ್ದರೆ ಕಾರಿನಲ್ಲಿ ಎಲ್ಲಾ ಚೆನ್ನಾಗಿತ್ತು, ಯಾರಾದರೂ ಗುದ್ದಿದ್ದರೆ ಎಲ್ಲಾ ಕೆಟ್ಟಿತ್ತು. ಟೂರಿಂಗ್ ಕಾರಿನಲ್ಲಿ ಬಂಪರಿಗೆ ಬಂಪರ್ ತಾಗುವುದು ಹೊಸದಲ್ಲ, ಆದರೂ ಪ್ರತಿ ಸಲವೂ ಅದು ಇನ್ನೊಬ್ಬನ ತಪ್ಪೇ.

ಹಾಗಾಗಿ ಮೊದಲು ನೀರು ಕೊಡಬೇಕು. ಆಮೇಲೆ, "ಒಂದು ಲ್ಯಾಪ್ ಓಡಿಸಿ ತೋರಿಸು" ಅಂತೇನೆ. ಕುರ್ಚಿಯಲ್ಲಿ ಕೂತೇ ಕೈಗಳಲ್ಲಿ ಸ್ಟಿಯರಿಂಗ್ ಹಿಡಿದವನ ಹಾಗೆ ತೋರಿಸುತ್ತಾ ಹೋಗುತ್ತಾನೆ. ಬಾಯಿ "ಈ ಕಾರ್ನರ್ ಓಕೆ" ಅನ್ನುತ್ತಿರುತ್ತದೆ, ಕೈ ಮಾತ್ರ ಅಲ್ಲೇ ಒಂದು ಸಣ್ಣ ತಿದ್ದುಪಡಿ ಮಾಡಿಬಿಡುತ್ತದೆ. ನಾನು ಬರೆದುಕೊಳ್ಳುವುದು ಕೈ ಹೇಳಿದ್ದನ್ನು. ತಮಿಳು, ಹಿಂದಿ, ಇಂಗ್ಲಿಷ್ ಯಾವ ಭಾಷೆಯ ಹುಡುಗನಾದರೂ ಇದಕ್ಕೆ ತೊಡಕಿಲ್ಲ.

ಕೇಳುವವರು ಒಬ್ಬರೇ ಇರಬೇಕು ಅನ್ನುವುದನ್ನು ಈಗ ಟೀಮಿನಲ್ಲಿ ನಿಯಮವನ್ನಾಗಿ ಮಾಡಿದ್ದೇವೆ. ಎಂಜಿನ್‌ನವರು, ಮಾಲೀಕರು, ಮಾಲೀಕರ ಸ್ನೇಹಿತರು ಎಲ್ಲರೂ ಸುತ್ತುವರಿದು "ಪವರ್ ಸಾಲಲಿಲ್ಲ ಅಲ್ವಾ?" ಅಂದರೆ, ಸುಸ್ತಾದ ಹುಡುಗ ಹೂಂ ಅಂದುಬಿಡುತ್ತಾನೆ. ಮೊದಲ ಹತ್ತು ನಿಮಿಷ ನನ್ನದು, ಆಮೇಲೆ ಅವರ ಸರದಿ. ಮಾಲೀಕರಿಗೆ ಇದು ಇನ್ನೂ ಅಷ್ಟಾಗಿ ಇಷ್ಟವಿಲ್ಲ. ಗಡಿಯಾರ ನೋಡುತ್ತಾ ಟೆಂಟಿನ ಹೊರಗೆ ನಿಂತಿರುತ್ತಾರೆ.