ಭೀಮೇಶ್ವರಿಯಲ್ಲಿ ಒಂದು ಮೀನಿಗಾಗಿ

ಹಲಗೂರು ದಾಟಿ ಮುತ್ತತ್ತಿ ರಸ್ತೆ ಹಿಡಿದ ಮೇಲೆ ಮೊಬೈಲ್ ಸಿಗ್ನಲ್ ಹೋಯಿತು. ಒಳ್ಳೆಯದೇ ಆಯಿತು. ಬೆಂಗಳೂರಿನಿಂದ ಇಲ್ಲಿಗೆ ಸುಮಾರು 100 ಕಿಲೋಮೀಟರ್. ಅಷ್ಟು ದೂರ ಬಂದು ಆನೆ ಬಿಟ್ಟು ಮೀನು ನೋಡ್ತೀನಿ ಅಂದರೆ ಮನೆಯವರು ನಗದೆ ಇರ್ತಾರಾ?

ಮೀನು ಅಂದರೆ ಕಾವೇರಿಯ ಗೂನುಬೆನ್ನಿನ ಮಹಶೀರ್. ಕಿತ್ತಳೆ ಬಣ್ಣದ ರೆಕ್ಕೆ. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ, ಅಂದರೆ 54 ಕೆಜಿಯ ಮಹಶೀರ್ ಗಾಳಕ್ಕೆ ಸಿಕ್ಕಿತ್ತು. ಇಷ್ಟು ಹೆಸರುವಾಸಿ ಮೀನಿನ ವೈಜ್ಞಾನಿಕ ಹೆಸರು ಟಾರ್ ರೆಮಾದೇವಿ ಅಂತ ಖಚಿತವಾಗಿದ್ದು ಮಾತ್ರ 2018ರಲ್ಲಿ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು.

ಜೂನ್ ಮೊದಲ ವಾರ, ಹೊಳೆ ಇನ್ನೂ ತಿಳಿಯಾಗಿತ್ತು. ತೆಪ್ಪದವರು ದಡದ ಒಂದು ಬಂಡೆ ತೋರಿಸಿದರು. ಅದರ ಮೇಲೆ ಬಸವನಹುಳುವಿನ ಚಿಪ್ಪುಗಳು, ಏಡಿಯ ಒಣಗಿದ ಕಾಲು. "ಬಿಳಿಮೀನು ಇದನ್ನೆಲ್ಲ ತಿಂತದೆ ಸಾರ್." ಮಹಶೀರ್‌ಗೆ ಇಲ್ಲಿನವರು ಹೇಳುವ ಹೆಸರು ಬಿಳಿಮೀನು. ಮಹಶೀರ್ ಬಾಯಲ್ಲಿ ಹಲ್ಲಿಲ್ಲ. ಹಲ್ಲಿರುವುದು ಗಂಟಲಲ್ಲಿ, ಚಿಪ್ಪನ್ನು ಪುಡಿ ಮಾಡುವುದು ಅಲ್ಲೇ. ಹುಳ, ಸಣ್ಣ ಮೀನು, ಪಾಚಿ, ಉದುರಿದ ಹಣ್ಣು ಎಲ್ಲವೂ ನಡೆಯುತ್ತದೆ. ಗಾಳ ಹಾಕುತ್ತಿದ್ದ ಕಾಲದಲ್ಲಿ ಕೊಕ್ಕೆಗೆ ಸಿಕ್ಕಿಸುತ್ತಿದ್ದುದು ನಮ್ಮ ರಾಗಿ ಮುದ್ದೆಯನ್ನೇ!

ಹಾಗಾದರೆ ಊಟಕ್ಕೇನು ಕೊರತೆ ಅಂತ ಕೇಳಿದೆ. ಅವರು ದಡದ ಹೊಳೆಮತ್ತಿ, ನೇರಳೆ, ಅತ್ತಿ ಮರಗಳ ಕಡೆ ಕೈ ತೋರಿಸಿದರು. ಮರ ಹೋದರೆ ಹಣ್ಣೂ ಇಲ್ಲ, ನೀರಿಗೆ ಬೀಳುವ ಹುಳವೂ ಇಲ್ಲ. ಮರಳು ತೆಗೆದರೆ ಚಿಪ್ಪಿನ ಹುಳುಗಳು ಇರುವುದಾದರೂ ಎಲ್ಲಿ? ಮೊಟ್ಟೆ ಇಡಲು ಓಡುವ ನೀರು, ನೊರಜುಗಲ್ಲು ಬೇಕು. ಬೇಸಿಗೆ ಕಳೆಯಲು ಆಳವಾದ ಮಡು ಬೇಕು. ಅಲ್ಲೇ ಯಾರೋ ಸಿಡಿಮದ್ದು ಎಸೆದರೆ ದೊಡ್ಡದು ಚಿಕ್ಕದು ಎಲ್ಲ ಒಟ್ಟಿಗೆ ಹೋಗುತ್ತವೆ.

ಇನ್ನೊಂದು ತಾಪತ್ರಯ ನಾವೇ ಪ್ರೀತಿಯಿಂದ ತಂದಿದ್ದು. 1970ರ ದಶಕದಿಂದ ಲೋನಾವಳದಲ್ಲಿ ಬೆಳೆಸಿದ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಟ್ಟರು. ಮೀನು ಜಾಸ್ತಿಯಾಗಲಿ ಅನ್ನುವ ಒಳ್ಳೆಯ ಉದ್ದೇಶವೇ. ಅವು ಜಾಸ್ತಿಯಾದವು, ಗೂನುಬೆನ್ನಿನವು ಕಮ್ಮಿಯಾದವು. ಊಟವೂ ಅದೇ, ಮಡುವೂ ಅದೇ, ಅಲ್ವಾ?

ಸಂಜೆ ಇಳಿಯುವಾಗ ಪಾಚಿ ಮೇಲೆ ಜಾರಿ ಮೊಣಕಾಲು ತರಚಿಕೊಂಡೆ. ಸುಮ್ನೆ ನೇರಳೆ ಮರದ ಕೆಳಗೆ ಕೂತೆ. ಮಡುವಿಗೆ ಟಪ್ ಅಂತ ಒಂದು ಹಣ್ಣು ಬಿತ್ತು. ಅಲೆ ಹರಡುವ ಮೊದಲೇ ಕೆಳಗಿನಿಂದ ಏನೋ ಬಂದು ಅದನ್ನು ನುಂಗಿ ತಿರುಗಿತು. ಬೆನ್ನು ಮಾತ್ರ ಕಂಡಿತು. ರೆಕ್ಕೆ ಕಿತ್ತಳೆಯೋ ನೀಲಿಯೋ, ಆ ಮಬ್ಬಿನಲ್ಲಿ ಗೊತ್ತಾಗಲಿಲ್ಲ.