ಮಗಳು ನಮಗೆ ಹೇಳದ ಮಾತು

ಕಲಬುರಗಿ ಕಡೆಯ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್, ಅಂದರೆ ಮಾನಸಿಕ ತೊಂದರೆ ಇರುವವರನ್ನು ನೋಡುವ ಕ್ಲಿನಿಕ್, ನಡೆಯುತ್ತದೆ. ಡಾಕ್ಟರ್ ನೋಡುವ ಮುಂಚೆ ರೋಗಿಗಳ ಹತ್ತಿರ ಮಾತಾಡಿ ಕೇಸ್ ಶೀಟ್ ಬರೆಯುವುದು ನನ್ನ ಕೆಲಸ. ನನಗೆ ಬರುವುದು ಕನ್ನಡ. ಬರುವವರಲ್ಲಿ ಮನೆಯಲ್ಲಿ ದಖನಿ ಉರ್ದು ಮಾತಾಡುವ ಹೆಂಗಸರು ತುಂಬಾ ಜನ. ಸಂತೆಯಲ್ಲಿ ಅವರ ಕನ್ನಡ ಸಲೀಸು, ಆದರೆ ಸಂಕಟ ಹೇಳಿಕೊಳ್ಳೋಕೆ ಮನೆಮಾತೇ ಬೇಕು ಅಲ್ವಾ? ಹಾಗಾಗಿ ಜೊತೆಗೆ ಬಂದವರೇ ಮಾತು ದಾಟಿಸುತ್ತಿದ್ದರು.

ಒಬ್ಬ ತಾಯಿ 12 ವರ್ಷದ ಮಗಳನ್ನು ಶಾಲೆ ಬಿಡಿಸಿ ಕರೆತಂದಿದ್ದರು. ದುಪಟ್ಟಾದ ಅಂಚನ್ನು ಬೆರಳಿಗೆ ಸುತ್ತುತ್ತಾ ಎರಡು ನಿಮಿಷ ಮಾತಾಡಿದರು. ಹುಡುಗಿ ನೆಲ ನೋಡುತ್ತಾ, "ತಲಿ ನೋಯ್ತದಂತ್ರಿ, ನಿದ್ದಿ ಬರಂಗಿಲ್ಲಂತ" ಅಂದಳು. ಅಷ್ಟು ಮಾತು ಇಷ್ಟೇ ಹೇಗಾಯಿತು ಅಂತ ಆಗಲೇ ಕೇಳಬೇಕಿತ್ತು. ಹೊರಗೆ ಸಾಲು ಉದ್ದ ಇತ್ತು, ಕೇಳಲಿಲ್ಲ. ತಲೆನೋವು, ನಿದ್ದೆ ಇಲ್ಲ ಅಂತ ಬರೆದೆ. ಹೀಗೇ ಮೂರು ಸಲ.

ನಾಲ್ಕನೇ ಸಲ, ಬೇರೆ ಕೆಲಸಕ್ಕೆ ಬಂದಿದ್ದ ಉರ್ದು ಬಲ್ಲ ಆಶಾ ಕಾರ್ಯಕರ್ತೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಮಗಳನ್ನು ಹೊರಗೆ ಕಳಿಸಿದೆವು. ತಾಯಿ ಅಂದರು, "ಜೀನೇಕು ದಿಲ್ ನೈ." ಬದುಕೋಕೆ ಮನಸ್ಸಿಲ್ಲ. ಮೊದಲ ದಿನದಿಂದ ಅದನ್ನೇ ಹೇಳುತ್ತಿದ್ದರಂತೆ. ಅಮ್ಮನಿಗೆ ಬದುಕು ಬೇಡವಾಗಿದೆ ಅಂತ ಆ ಮಗು ಯಾವ ಬಾಯಲ್ಲಿ ಹೇಳೀತು? ತಪ್ಪು ನನ್ನದು. ಅವತ್ತೇ ಡಾಕ್ಟರ್ ಖಿನ್ನತೆಗೆ ಚಿಕಿತ್ಸೆ ಶುರು ಮಾಡಿದರು.

2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಪ್ರಕಾರ ಖಿನ್ನತೆ, ಆತಂಕದಂಥ ಕಾಯಿಲೆ ಇರುವ 100 ಜನರಲ್ಲಿ ಸುಮಾರು 85 ಮಂದಿಗೆ ಚಿಕಿತ್ಸೆ ಸಿಗುತ್ತಿಲ್ಲ. ಈ ತಾಯಿಯನ್ನು ನಾನು ಉಳಿದ 15ರ ಲೆಕ್ಕಕ್ಕೆ ಹಾಕಿದ್ದೆ. ರಿಜಿಸ್ಟರಿನಲ್ಲಿ ಹೆಸರಿತ್ತು, ಕೈಯಲ್ಲಿ ಮಾತ್ರೆಯೂ ಇತ್ತು. ರೋಗಿಗೆ ಅರ್ಥವಾಗುವ ಭಾಷೆಯಲ್ಲೇ ಮಾಹಿತಿ ಕೊಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ನಮ್ಮಲ್ಲಿ ಭಾಷಾಂತರಕ್ಕೆ ಅಂತ ಒಬ್ಬರೂ ಇಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಅನ್ನೋಣ ಅಂದರೆ ಆ ಮನೆಯ ಮೊಬೈಲ್ ಗಂಡನ ಕಿಸೆಯಲ್ಲಿರುತ್ತದೆ.

ಈಗ ಮಕ್ಕಳ ಬಾಯಲ್ಲಿ ಮಾತು ಹೇಳಿಸುವುದನ್ನು ಬಿಟ್ಟಿದ್ದೇನೆ. ಆಶಾ ಕಾರ್ಯಕರ್ತೆ ಜೊತೆಗಿರಬಹುದಾ ಅಂತ ಮೊದಲು ರೋಗಿಯನ್ನೇ ಕೇಳುತ್ತೇನೆ, ಯಾಕಂದರೆ ಒಂದೇ ಓಣಿಯವರಾದರೆ ಮಾತು ಹೊರಗೆ ಹೋದೀತು ಅನ್ನೋ ಭಯ ಇರುತ್ತದೆ. ಡೈರಿಯಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದೇನೆ: "ನೀಂದ್ ಆತೀ ಕ್ಯಾ? ಖಾನಾ ಜಾತಾ ಕ್ಯಾ? ಮರ್‌ಜಾನಾ ಬೋಲ್ಕೆ ದಿಸ್ತಾ ಕ್ಯಾ?" ನಿದ್ದೆ ಬರುತ್ತಾ, ಊಟ ಸೇರುತ್ತಾ, ಸಾಯಬೇಕು ಅನಿಸುತ್ತಾ ಅಂತ. ಮೂರನೆಯದನ್ನು ಕೇಳುವಾಗ ಈಗಲೂ ನಾಲಿಗೆ ತಡೆಯುತ್ತದೆ. ಆದರೂ ಕೇಳುತ್ತೇನೆ.