ಡೊಳ್ಳಿನ ಒಂದೊಂದು ಪೆಟ್ಟು

ಇವತ್ತು ಮಂಡಕ್ಕಿ ಡಬ್ಬಿಯ ಮುಚ್ಚಳ ಸುಮ್ಮನಾಯಿತು.

ಎರಡು ವಾರದಿಂದ ಸ್ಪೀಕರ್‌ನಲ್ಲಿ ಹಾಕಿದ ಡೊಳ್ಳಿನ ಪೆಟ್ಟು ಬಿದ್ದಾಗಲೆಲ್ಲ ಅದು ಗರ್ರ್ ಅಂತಿತ್ತು. ಸೋಫಾದಲ್ಲಿ ಕೂತರೆ ಬೇಸೇ ಇಲ್ಲ, ಮೂಲೆಗೆ ಹೋದರೆ ಎದೆ ಅದುರುವಷ್ಟು. 12 ಇಂಚಿನ ಸಬ್‌ವೂಫರ್ (ಬೇಸ್ ಸದ್ದಿಗೆಂದೇ ಇರುವ ಸ್ಪೀಕರ್) ತಗೊಳ್ಳೋಣ ಅಂತಿದ್ದೆ, ಕೊನೆಗೆ ಮನೆಯಲ್ಲಿದ್ದ 8 ಇಂಚಿನ ಸಬ್‌ವೂಫರ್‌ಗೇ ಜೋಡಿಯಾಗಿ ಅದೇ ಮಾಡೆಲ್‌ನ ಇನ್ನೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಹುಡುಕಿ, ಪಿ.ಜೆ. ಬಡಾವಣೆಯಿಂದ ಆಟೋದಲ್ಲಿ ತೊಡೆ ಮೇಲೆ ಇಟ್ಟುಕೊಂಡು ತಂದೆ.

ನಮ್ಮ ರೂಮು 10 ಅಡಿ ಅಗಲ. ಅಷ್ಟಗಲದಲ್ಲಿ 56 ಹರ್ಟ್ಜ್ ಹತ್ತಿರದ ಸದ್ದು ಗೋಡೆಯಿಂದ ಗೋಡೆಗೆ ಬಡಿದು ಗೋಡೆ ಪಕ್ಕ ಉಬ್ಬುತ್ತದೆ, ನಡುವೆ ಸತ್ತೇ ಹೋಗುತ್ತದೆ. ದೊಡ್ಡ ಸಬ್‌ವೂಫರ್ ಒಂದೇ ತಂದರೆ ಸದ್ದು ಜಾಸ್ತಿ ಆಗುತ್ತದೆ ಅಷ್ಟೇ, ಈ ಏರಿಳಿತ ಹೋಗಲ್ಲ ಅಲ್ವಾ? ಒಂದರ ಏರಿಳಿತವನ್ನು ಇನ್ನೊಂದು ತಗ್ಗಿಸಲಿ ಅಂತ ಆ ಎದುರುಬದುರು ಗೋಡೆಗಳ ನಡುಭಾಗಕ್ಕೆ ಒಂದೊಂದು ಇಟ್ಟೆ. ಎರಡಕ್ಕೂ 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಮಾತ್ರ, ಎರಡೂ ಒಟ್ಟಿಗೇ ತಳ್ಳಲಿ ಅಂತ ಎರಡರ ಫೇಸ್ ಸ್ವಿಚ್ಚೂ ಸೊನ್ನೆಗೆ, ವಾಲ್ಯೂಮ್ ಮೊದಲಿಗಿಂತ ಕಡಿಮೆ.

ಅಡುಗೆಮನೆಯಿಂದ ಅಮ್ಮ, "ಈಗ ಒಂದೊಂದು ಪೆಟ್ಟೂ ಬಿಡಿಸಿ ಕೇಳ್ತೈತೆ ನೋಡಪ್ಪ" ಅಂದರು.

ಕೋಲು ಚರ್ಮಕ್ಕೆ ತಾಗುವುದು ಬೇರೆ, ಆಮೇಲೆ ಡೊಳ್ಳಿನ ಹೊಟ್ಟೆಯೊಳಗಿಂದ ಬರುವ ಗುಮ್ಮು ಬೇರೆ. ಅದನ್ನೇ ನಾಲ್ಕು ಸಲ ಹಾಕಿ ಕೇಳಿದೆ.